ಕಲ್ಲು ಮುಟ್ಟದ ಗೌಂಡಿಗಳು

ಯುಗಾದಿ ಮುಗಿದು ಎರಡು ವಾರವಾಗಿತ್ತು. ಮುನವಳ್ಳಿಯ ಮಲಪ್ರಭೆ ಆಗ ಹೆಸರಿಗಷ್ಟೇ ಹೊಳೆ. ನಡುವೆ ಸೆರಗಿನಷ್ಟು ನೀರು, ಎರಡೂ ಬದಿಗೆ ದಿನವೆಲ್ಲ ಕಾದ ಬಂಡೆ. ಬಂಡೆಯ ಬಿಸಿ ಆರಿದ ಮೇಲೆ ಅಲ್ಲಿ ಬಂದು ಕೂರುವ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ಕೈ. ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೇ ನಿಂತುಬಿಟ್ಟಿದೆ. ಅಂದು ಅವರ ಪಕ್ಕದಲ್ಲಿ ಕೂತವನು ಅವರ ಜೊತೆಗೆ ದುಡಿದ ಗೌಂಡಿಯೊಬ್ಬರ ಮಗ. ಬೆಂಗಳೂರಿನಲ್ಲಿ ನೌಕರಿ, ಊರಿಗೆ ಬಂದು ಮೂರು ದಿನ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಅರ್ಜಿ. ನಾನು ಒಂದು ಬಂಡೆ ಆಚೆ ಕೂತಿದ್ದೆ. ಅವರು ಆಡಿದ್ದನ್ನು ಆಡಿದ ಹಾಗೇ ಇಲ್ಲಿ ಇಡುತ್ತೇನೆ.

ಹುಡುಗ: ಕಾಕಾ, ನಿಮ್ಮನ್ನ ಒಂದು ಮಾತು ಕೇಳಬೇಕಂತ ಬಂದೆ. ಬೆಂಗಳೂರಾಗ ನನಗ ಲಾಡ್ಜ್ ಸೇರು ಅಂತ ಕರಿಯಾಕತ್ತಾರ.

ಹಿರಿಯರು: ಯಾಕೋ ತಮ್ಮಾ, ಬಾಡಿಗಿ ಮನಿ ಬಿಡಿಸಿದ್ರೇನು?

ಹುಡುಗ: ಹಂಗಲ್ರಿ. ಇದು ಉಳಕೊಳ್ಳೋ ಲಾಡ್ಜ್ ಅಲ್ಲ. ಫ್ರೀಮೇಸನ್ ಅಂತ ಒಂದು ಸಂಘ ಐತಿ. ಅದರ ಒಂದೊಂದು ಶಾಖೆಗೆ ಲಾಡ್ಜ್ ಅಂತಾರ. ಮೇಸನ್ ಅಂದ್ರ ಗೌಂಡಿ.

ಹಿರಿಯರು: ಗೌಂಡಿಗಳ ಸಂಘ ಆದ್ರ ನನ್ನ ಕರೀಬೇಕಿತ್ತು. ನಿನ್ನ ಯಾಕ ಕರದ್ರು? ನೀ ಜೀವಮಾನದಾಗ ಒಂದು ಕಲ್ಲು ಎತ್ತಿಟ್ಟಾಂವ ಅಲ್ಲ.

ಹುಡುಗ: ಅಲ್ಲಿ ಯಾರೂ ಕಲ್ಲು ಮುಟ್ಟೂದಿಲ್ರಿ. ಡಾಕ್ಟ್ರು, ವಕೀಲರು, ವ್ಯಾಪಾರಸ್ಥರು, ಮಿಲಿಟ್ರಿಯಿಂದ ರಿಟೈರ್ ಆದವರು ಇರ್ತಾರ. ಹಿಂದ ಯುರೋಪಿನ ಗೌಂಡಿಗಳು ದೊಡ್ಡ ದೊಡ್ಡ ಚರ್ಚ್ ಕಟ್ಟಾಕ ಊರೂರು ತಿರಗತಿದ್ರು. ಕೆಲಸದ ಜಾಗಾದಾಗ ಒಂದು ಚಪ್ಪರ ಹಾಕ್ಕೊಂಡು ಅಲ್ಲೇ ಉಳಿ ಮಸೀತಿದ್ರು, ಅಲ್ಲೇ ಉಣ್ತಿದ್ರು. ಆ ಚಪ್ಪರಕ್ಕ ಲಾಡ್ಜ್ ಅನ್ನೋ ಹೆಸರು. ಆಮ್ಯಾಲ ಕಸುಬು ಗೊತ್ತಿಲ್ಲದ ಮಂದಿನೂ ಒಳಗ ಬಂದ್ರು. ಕಲ್ಲು ಹೋತು, ಕಲ್ಲಿನ ಮಾತು ಉಳೀತು. 1717ರಾಗ ಲಂಡನ್ನಿನ ನಾಕು ಲಾಡ್ಜ್ ಕೂಡಿ ಗ್ರ್ಯಾಂಡ್ ಲಾಡ್ಜ್ ಮಾಡಿದ್ರು. ನಮ್ಮ ದೇಶಕ್ಕ ಅಂತ ಬ್ಯಾರೆ ಗ್ರ್ಯಾಂಡ್ ಲಾಡ್ಜ್ ಆಗಿದ್ದು 1961ರ ನವೆಂಬರ್‌ನ್ಯಾಗ.

ಹಿರಿಯರು: ಕಲ್ಲಿನ ಮಾತು ಅಂದ್ರ ಏನು?

ಹುಡುಗ: ಮೂಲೆಮಟ್ಟ ಅವರ ಗುರುತು. ನಡತಿ ಚೌಕಾಗಿರಬೇಕು ಅಂತ ಅರ್ಥ. ಕೈವಾರ ಅಂದ್ರ ಆಸೆಗೊಂದು ಗೆರಿ ಎಳಿ ಅಂತ. ರಸಮಟ್ಟ ಅಂದ್ರ ಒಳಗ ಬಂದ ಮ್ಯಾಲ ಸಾಹೇಬನೂ ಜವಾನನೂ ಒಂದೇ ಮಟ್ಟ. ತೂಗುಗುಂಡು ಅಂದ್ರ ನೆಟ್ಟಗ ನಡಿ. ಹೊಸದಾಗಿ ಬಂದಾಂವ ಒರಟು ಕಲ್ಲು ಇದ್ದಂಗ, ಕೆತ್ತಿ ಕೆತ್ತಿ ನುಣುಪಾಗಬೇಕು. ಸೊಂಟಕ್ಕ ಬಿಳಿ ತೊಗಲಿನ ಏಪ್ರನ್ ಕಟಗೋತಾರ, ಹಿಂದಿನ ಗೌಂಡಿಗಳು ಕಟಗೊಂಡಂಗ.

ಹಿರಿಯರು: ನಾವು ಹಳೇ ಟಾವೆಲ್ ಕಟಗೋತಿದ್ವಿ. ಅದು ಎಂದೂ ಬಿಳಿ ಇರಲಿಲ್ಲ. ತಮ್ಮಾ, ತೂಗುಗುಂಡು ನೀತಿ ಹೇಳೂದಿಲ್ಲ. ಗ್ವಾಡಿ ವಾಲಿದ್ರ ವಾಲೇತಿ ಅಂತ ತೋರಸ್ತೈತಿ, ಮನಿ ಮಾಲಕ ಯಾರರ ಇರ್ಲಿ. ತೋರಿಸಿದ ಮ್ಯಾಲ ಕೆಡವಿ ಮತ್ತ ಕಟ್ಟಬೇಕು, ಅಂದಿನ ಪಗಾರ ಹೋಗ್ತೈತಿ. ಅದಕ್ಕ ಅದರ ಮ್ಯಾಲ ನಮಗ ಅಂಜಿಕಿ. ಅದನ್ನ ಬಿಲ್ಲೆ ಮಾಡಿ ಎದಿಗೆ ಚುಚಗೊಂಡವರಿಗೆ ಯಾವ ಪಗಾರ ಹೋಗ್ತೈತಿ?

ಹುಡುಗ: ಎಲ್ಲಾ ಗುರುತೂ ಹಂಗ ಅಲ್ಲೇನ್ರಿ? ಇಭೂತಿ ಹಚಗೊಂಡವರೆಲ್ಲ ಹಣಿ ಮ್ಯಾಲ ಬರದಂಗ ನಡೀತಾರೇನು? ಆದ್ರೂ ಹಚಗೊಂಡಾಂವ ಒಂದು ಸುಳ್ಳು ಹೇಳೋ ಮುಂದ ಒಮ್ಮೆ ತಡೀತಾನ. ಆ ಒಮ್ಮೆ ತಡಿಯೂದು ಸಾಕು ಅಂತೀನಿ ನಾ.

ಹಿರಿಯರು ನಕ್ಕರು. ಈ ಪಟ್ಟು ಹುಡುಗನದು ಎಂದು ಒಪ್ಪಿಕೊಂಡ ನಗೆ. ಬಂಡೆಯ ಸಂದಿಯಿಂದ ಒಂದು ಹರಳು ಕಿತ್ತು ನೀರಿಗೆ ಎಸೆದರು.

ಹಿರಿಯರು: ಆತು. ಆದ್ರ ನಿನಗ ಯಾಕ ಬೇಕಾತು? ನಿನಗ ಅಣ್ಣ ಅದಾನ, ಇಬ್ಬರು ಕಾಕಾನ ಮಕ್ಕಳು ಅದಾರ, ಓಣಿ ತುಂಬ ಮಾವ, ಅಳಿಯ, ಬೀಗ.

ಹುಡುಗ: ಎಲ್ಲಾ ಇಲ್ಲಿ ಅದಾರ. ಅಲ್ಲಿ ಆರು ವರ್ಷದಿಂದ ಎದುರು ಬಾಗಲದವರ ಹೆಸರು ನನಗ ಗೊತ್ತಿಲ್ಲ. ಹೋದ ವರ್ಷ ಡೆಂಗಿ ಬಂದು ಮೂರು ದಿನ ಒಬ್ಬನೇ ಬಿದ್ದಿದ್ದೆ. ಆ ಮೂರು ದಿನ ನನ್ನ ಮಾರಿ ನೋಡಿದಾಂವ ಊಟದ ಪಾರ್ಸೆಲ್ ತರೋ ಹುಡುಗ ಒಬ್ಬನೇ. ನಾಕನೇ ದಿನ ಆಫೀಸಿನ ಹಿರಿಯರೊಬ್ಬರು ಬಂದು ದವಾಖಾನಿಗೆ ಕರಕೊಂಡು ಹೋದ್ರು. ರಾತ್ರಿ ಪಾಳಿ ಹಚ್ಚಿ ಯಾರ‍್ಯಾರೋ ಬಂದು ಬಾಜೂ ಕೂತ್ರು. ಒಬ್ಬಾಂವ ಸರದಾರ, ಒಬ್ಬಾಂವ ಮಲಯಾಳಿ, ಒಬ್ಬರು ಎಂಬತ್ತು ವರ್ಷದ ಪಾರ್ಸಿ ಮುದುಕರು. ಆಮ್ಯಾಲ ತಿಳೀತು, ಎಲ್ಲರೂ ಒಂದೇ ಲಾಡ್ಜಿನವರು, ಒಬ್ಬರಿಗೊಬ್ಬರು ಬ್ರದರ್ ಅಂತಾರ.

ಹಿರಿಯರು: ಚಲೋ ಮಂದಿ. ಇದಕ್ಕ ನಾ ಏನೂ ಅನ್ನಂಗಿಲ್ಲ.

ಹುಡುಗ: ಮತ್ತ ಇಲ್ಲಿಯ ಅಣ್ಣತಮ್ಮರ ಮಾತು ಬಂತಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆ ಮಾಡಿದವರು ಬೆಂಗಳೂರಿನವರಲ್ಲ. ಸವದತ್ತಿ ಕೋರ್ಟಿನ ಕಟ್ಟಿ ಮ್ಯಾಲ ಕುಂತವರನ್ನ ಕೇಳ್ರಿ, ಎಷ್ಟು ಮಂದಿ ಸ್ವಂತ ಅಣ್ಣನ ಮ್ಯಾಲ ಬದುವಿನ ದಾವೆ ಹಾಕ್ಯಾರ ಅಂತ. ಹುಟ್ಟಿದ ಅಣ್ಣ ಕೊಟ್ಟಿದ್ದು. ಲಾಡ್ಜಿನ ಅಣ್ಣ ಆರಿಸಿಕೊಂಡಿದ್ದು.

ಹಿರಿಯರು: ಆರಿಸಿಕೊಂಡಿದ್ದನ್ನ ಬಿಡೂದೂ ಹಗುರ. ಜಗಳಾಡಿದ್ರೂ ನಾಳೆ ಅದೇ ಓಣ್ಯಾಗ ಅವನ ಮಾರಿ ನೋಡಲೇಬೇಕು ಅನ್ನೂದೈತಲ್ಲ, ಅದು ಭಾಳ ಕಲಸ್ತೈತಿ. ಇರ್ಲಿ. ನಿಮ್ಮ ಸಭಾ ಹೆಂಗ ನಡೀತೈತಿ, ಅದನ್ನ ಹೇಳು.

ಹುಡುಗ: ನನ್ನ ಇನ್ನೂ ಒಳಗ ಬಿಟ್ಟಿಲ್ಲ. ಸಭಾ ಮುಗದ ಮ್ಯಾಲ ಊಟಕ್ಕ ಕರದಿದ್ರು, ಅಷ್ಟೇ. ಹೇಳಿದ್ದು ಕೇಳೀನಿ. ದೇವರಂತ ಒಬ್ಬ ಅದಾನ ಅಂತ ನಂಬಿರಬೇಕು, ಯಾವ ದೇವರು ಅಂತ ಕೇಳೂದಿಲ್ಲ. ನಡುವಿನ ಮೇಜಿನ ಮ್ಯಾಲ ಗೀತಾ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಅವೆಸ್ತಾ ಇಟ್ಟಿರ್ತಾರ. ಯಾರಿಗೆ ಯಾವುದು ಪೂಜ್ಯೋ ಅದರ ಮ್ಯಾಲ ಕೈಯಿಟ್ಟು ಆಣಿ ಮಾಡ್ತಾರ. ಒಳಗ ರಾಜಕೀಯ, ಧರ್ಮದ ವಾದ ತೆಗಿಯಂಗಿಲ್ಲ.

ಹಿರಿಯರು: ಆ ಕಾಯ್ದೆ ನಮ್ಮ ಬಸ್ ಸ್ಟ್ಯಾಂಡಿನ ಚಾದಂಗಡಿಗೆ ಹಚ್ಚಿದ್ರ ಒಂದು ವಾರದಾಗ ಅಂಗಡಿ ಬಂದ್ ಆಗ್ತೈತಿ. ಐದು ಗ್ರಂಥ ಒಂದು ಮೇಜು ಅಂದ್ರ ನಮಗೇನು ಹೊಸಾದಲ್ಲ. ಪಂಚಲಿಂಗೇಶ್ವರನ ಊರು ಇದು, ಐದು ಲಿಂಗ ಒಂದೇ ಗುಡಿಯಾಗ ಅದಾವ. ಆದ್ರ ನಮ್ಮ ಗುಡಿ ಬಾಗಲಕ್ಕ ಆಳು ನಿಲ್ಲಿಸಿಲ್ಲ.

ಹುಡುಗ: ಅದು ನಿಮಗ ಹೆಂಗ ಗೊತ್ತಾತು? ಅಲ್ಲಿ ಖರೇನ ಒಬ್ಬಾಂವ ಕತ್ತಿ ಹಿಡದು ಬಾಗಲದ ಹೊರಗ ನಿಂದರ್ತಾನ. ಟೈಲರ್ ಅಂತಾರ ಅವನಿಗೆ.

ಹಿರಿಯರು: ದರ್ಜಿ?

ಹುಡುಗ: ಅಲ್ರಿ, ಹಂಚು ಹಾಕಾಂವ. ಅದೂ ನಿಮ್ಮ ಕಸುಬಿನ ಮಾತೇ.

ಹಿರಿಯರು: ಹಂಚು ಹಾಕಾಂವ ಮಾಳಿಗಿ ಮ್ಯಾಲಿರಬೇಕು, ಬಾಗಲದಾಗಲ್ಲ. ಚಲೋ ಕೆಲಸಾ ಮಾಡೋ ಮಂದಿಗೆ ಬಾಗಲಾ ಯಾಕ ಹಾಕಬೇಕು ತಮ್ಮಾ? ಇದೇ ಹೊಳಿ ಹಿಡಕೊಂಡು ಕೆಳಗ ಹೋಗು, ಕಡೀಕ ಕೂಡಲಸಂಗಮ ಸಿಗತೈತಿ. ಅಲ್ಲಿ ಬೆಳದ ಹುಡುಗ ಕಲ್ಯಾಣಕ್ಕ ಹೋಗಿ ಏನು ಮಾಡಿದ? ಚಮ್ಮಾರ, ಅಂಬಿಗ, ಮಡಿವಾಳ, ಕಟಗಿ ಮಾರೋ ಬಡವ, ಎಲ್ಲರನ್ನೂ ಒಳಗ ಕರದು ಕುಂದ್ರಿಸಿದ. ಹೆಣ್ಣಮಕ್ಕಳನ್ನೂ ಕುಂದ್ರಿಸಿದ. ಅದಕ್ಕ ಅಂತೀನಿ, ಕದಾ ಇಲ್ಲದ ಮನಿ ಅದು.

ಹುಡುಗ: ಆ ಮನಿ ಎಷ್ಟು ವರ್ಷ ನಿಂತಿತ್ರಿ?

ಹಿರಿಯರು: …

ಹುಡುಗ: ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನಾ ಮಾಡಿದ್ದಕ್ಕ ಕಲ್ಯಾಣ ಒಡದು ಹೋತು ಅಂತ ನೀವೇ ನಮಗ ಸಣ್ಣಾಂವಿದ್ದಾಗ ಹೇಳೀರಿ. ಎಲ್ಲರಿಗೂ ತೆರದ ಮನಿನ ಊರು ಉಳಗೊಡಲಿಲ್ಲ. ಅದೇ ಹೊಳಿ ದಂಡೀ ಮ್ಯಾಲ ನಡುವ ಐಹೊಳಿ ಐತಿ. ಅಯ್ಯಾವೊಳೆ ಐನೂರ್ವರು ಅಂತ ವ್ಯಾಪಾರಿಗಳ ಸಂಘ ಅಲ್ಲಿ ಹುಟ್ಟಿತು. ಅವರಿಗೂ ಬಿರುದು ಇದ್ವು, ಧರ್ಮ ಅಂತ ಕಟ್ಟಳೆ ಇತ್ತು. ಆ ಐನೂರ್ವರ ಹೆಸರಿನ ತಮಿಳು ಶಾಸನ 1088ರದ್ದು ಸಮುದ್ರದಾಚೆ ಸುಮಾತ್ರಾದಾಗ ಸಿಕ್ಕೈತಿ. ಗುರುತಿಲ್ಲದ ಬಂದರದಾಗ ಹೋಗಿ ಇಳದಾಗ ‘ಇಂವ ನಮ್ಮ ಸಂಘದಾಂವ’ ಅಂತ ಒಬ್ಬರ ಅನ್ನಬೇಕಲ್ಲ? ಬಾಗಲಾ ಇದ್ದಿದ್ದಕ್ಕ ಆ ಮಾತಿಗೆ ಬೆಲಿ ಬಂತು. ಎಲ್ಲರೂ ನಮ್ಮವರು ಅಂದ್ರ ಹೊತ್ತಿಗೆ ಯಾರೂ ಸಿಗೂದಿಲ್ರಿ.

ಹಿರಿಯರು: ನಿನ್ನ ಐನೂರ್ವರ ಮನಿ ಭಾಳ ದಿನ ಉಳೀತು, ಖರೆ. ಈಗ ಎಲ್ಲೈತಿ? ಶಾಸನದಾಗ. ಕಲ್ಯಾಣದ ಮನಿ ಬಿತ್ತು, ಅದರ ಮಾತು ಇವತ್ತೂ ನಮ್ಮ ಅಡಿಗಿ ಮನ್ಯಾಗ ಐತಿ. ಯಾವುದು ಉಳದ್ರ ಉಳದಂಗ, ನೀ ಹೇಳು. ಐಹೊಳಿ ದಾಟೋಕಿಂತ ಮೊದಲ ಪಟ್ಟದಕಲ್ಲು ಬರ್ತೈತಲ್ಲ, ಅಲ್ಲಿ ನಿಂದ್ರಲಿಲ್ಲ ನೀ. ಲೋಕಮಹಾದೇವಿ ಕಟ್ಟಿಸಿದ ಗುಡಿ, ಈಗ ವಿರೂಪಾಕ್ಷ ಅಂತಾರ. ಅದನ್ನ ಕಟ್ಟಿದ ಸೂತ್ರಧಾರಿ ಗುಂಡ ಅಂತ. ಅವನ ಹೆಸರು, ತ್ರಿಭುವನಾಚಾರಿ ಅನ್ನೋ ಬಿರುದು ಕಲ್ಲಿನ್ಯಾಗ ಕಡದೈತಿ. ಲಾರಿಯಾಗ ಹೋದಾಗ ಅದರ ಮ್ಯಾಲ ಕೈ ಆಡಿಸಿ ಬಂದೀನಿ. ಸಾವಿರದ ಇನ್ನೂರು ವರ್ಷ ಮ್ಯಾಲಾತು. ನಿಮ್ಮ ಲಾಡ್ಜ್‌ನ್ಯಾಗ ಒಬ್ಬ ಗೌಂಡಿ ಹೆಸರು ಎಲ್ಲರ ಐತೇನು?

ಹುಡುಗ ಉತ್ತರ ಕೊಡಲಿಲ್ಲ. ಹೊಳೆಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು. ಹಿರಿಯರು ಆ ಕಡೆ ಗದ್ದ ಎತ್ತಿ ತೋರಿಸಿದರು.

ಹಿರಿಯರು: ಆ ಎಮ್ಮಿ ಇಳಿಯೋ ಕಡೆ ಒಂದು ಕಾಲಕ್ಕ ಏನಾತು ಗೊತ್ತೈತೇನು? ನಮ್ಮ ಸಾಲಿ ಮಾಸ್ತರೊಬ್ಬರು ಓದಿ ಹೇಳಿದ್ರು. ಧೋಂಡಿಯಾ ವಾಘ್ ಅಂತ ಚನ್ನಗಿರಿ ಕಡ್ಯಾಂವ. ಟಿಪ್ಪು ಅವನನ್ನ ಸೆರ್ಯಾಗ ಇಟ್ಟಿದ್ದ. 1799ರಾಗ ಶ್ರೀರಂಗಪಟ್ಟಣ ಬಿದ್ದ ಮ್ಯಾಲ ಹೊರಗ ಬಂದು ದಂಡು ಕಟ್ಟಿ ಉಭಯ ಲೋಕದ ಅರಸ ಅಂತ ಕರಕೊಂಡ. ಮುಂದಿನ ವರ್ಷ ಇಂಗ್ಲಿಷ್ ಸಾಹೇಬ ಬೆನ್ನು ಹತ್ತಿದ. ಜುಲೈ 26ಕ್ಕ ಡಂಬಳ ಹಿಡದ, 30ಕ್ಕ ಇಲ್ಲಿಗೆ ಬಂದ. ತುಂಬಿದ ಹೊಳಿ. ಧೋಂಡಿಯಾನ ಮಂದಿ, ಸಾಮಾನು, ಆನಿ, ಒಂಟಿ ಎಲ್ಲಾ ದಂಡೀ ಮ್ಯಾಲ ಸಿಕ್ಕೊಂಡಿದ್ವು. ಸಾಹೇಬ ಅವರನ್ನ ನೀರಿಗೆ ದಬ್ಬಿದ. ಐದು ಸಾವಿರ ಮಂದಿ ಮುಳಗಿದ್ರು ಅಂತ ಆ ಸಾಹೇಬನೇ ಪತ್ರದಾಗ ಬರದಾನಂತ.

ಹುಡುಗ: ಆ ಸಾಹೇಬನ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದ ವಾಟರ್ಲೂದಾಗ ನೆಪೋಲಿಯನ್ನನ್ನ ಸೋಲಿಸಿದ ವೆಲಿಂಗ್ಟನ್. ಕಾಕಾ, ನಿಮಗ ಇದನ್ನ ಹೇಳಬಾರದು ಅನಸ್ತೈತಿ, ಆದ್ರ ಹೇಳದಿದ್ರ ನಿದ್ದಿ ಬರೂದಿಲ್ಲ. ಅಂವ ಲಾಡ್ಜಿನಾಂವ. 1790ರ ಡಿಸೆಂಬರ್‌ನ್ಯಾಗ ಐರ್ಲೆಂಡಿನ ಟ್ರಿಮ್ ಅನ್ನೋ ಊರಾಗ ದೀಕ್ಷಾ ತಗೊಂಡಾನ.

ಹಿರಿಯರು: ಅಂದ್ರ ನಮ್ಮ ಹೊಳೀಗೆ ನಿಮ್ಮ ಬ್ರದರ್ ಆಗಲೇ ಬಂದು ಹೋಗ್ಯಾನ.

ಹುಡುಗ: ಇಪ್ಪತ್ತೊಂದು ವರ್ಷದಾಗ ಮನಿಯವರಿದ್ದ ಲಾಡ್ಜ್ ಅಂತ ಸೇರಿದ್ದ, ಆಮ್ಯಾಲ ಅದರ ಕಡೆ ಹೆಚ್ಚು ತಿರುಗಿ ನೋಡಲಿಲ್ಲ. ಅಂವ ಮಾಡಿದ್ದಕ್ಕ ಲಾಡ್ಜ್ ಏನು ಮಾಡ್ತೈತಿ? ಇನ್ನೊಂದು ಕೇಳ್ರಿ. ಸೆಪ್ಟೆಂಬರ್ 10ಕ್ಕ ಧೋಂಡಿಯಾ ಸತ್ತ. ಅವನ ಸಣ್ಣ ಮಗ ಸಲಾಬತ್ ಖಾನ್ ಸಾಮಾನಿನ ನಡುವ ಸಿಕ್ಕ. ವೆಲ್ಲೆಸ್ಲಿ ಆ ಹುಡುಗನನ್ನ ತನ್ನ ಡ್ಯಾರೇಕ್ಕ ಕರಕೊಂಡು ಹೋಗಿ ಸಾಕಿದ, ದೇಶಾ ಬಿಟ್ಟು ಹೋಗೋ ಮುಂದ ಅವನ ಖರ್ಚಿಗೆ ರೊಕ್ಕಾ ಇಟ್ಟು ಹೋದ.

ಹಿರಿಯರು: ಐದು ಸಾವಿರ ಮಂದಿ ಹೊಳ್ಯಾಗ, ಒಂದು ಹುಡುಗ ಡ್ಯಾರೇದಾಗ. ಬಾಗಲಾ ಅಂದ್ರ ಇದೇ ನೋಡು. ಒಳಗ ಬಂದಾಂವ ಮಗ, ಹೊರಗ ಉಳದಾಂವ ಲೆಕ್ಕಾ.

ಹುಡುಗ: ಅದೇ ಏಪ್ರನ್ ಕಟ್ಟಿದ ಇನ್ನೊಬ್ಬರ ಹೆಸರು ಹೇಳ್ತೀನಿ. 1884ರಾಗ ಕಲ್ಕತ್ತಾದ ಆಂಕರ್ ಅಂಡ್ ಹೋಪ್ ಲಾಡ್ಜ್ ಸೇರಿದ ಹುಡುಗ ನರೇಂದ್ರನಾಥ ದತ್ತ. ಎಂಟು ವರ್ಷ ಆದ ಮ್ಯಾಲ, 1892ರ ಅಕ್ಟೋಬರ್‌ನ್ಯಾಗ, ಸನ್ಯಾಸಿ ಆಗಿ ನಮ್ಮ ಬೆಳಗಾವಿಗೆ ಬಂದ್ರು. ವಿವೇಕಾನಂದರು. ಮೂಲೆಮಟ್ಟ ಒಂದೇ ರೀ, ಹಿಡದ ಕೈ ಬ್ಯಾರೆ ಬ್ಯಾರೆ.

ಹಿರಿಯರು: ವಿವೇಕಾನಂದರು ಲಾಡ್ಜಿನಿಂದ ದೊಡ್ಡವರಾಗಲಿಲ್ಲ, ಆ ಸಾಹೇಬ ಲಾಡ್ಜಿನಿಂದ ಕ್ರೂರ ಆಗಲಿಲ್ಲ ಅಂತ ನೀ ಅಂತಿ. ಹಂಗಾದ್ರ ಲಾಡ್ಜ್ ಮಾಡೋದೇನು? ಊಟಾನ?

ಹುಡುಗ: ನೀವು ಹಂಗಂದ್ರ ನಾ ಏನು ಹೇಳ್ಲಿ? ಡೆಂಗಿ ಬಂದಾಗ ನನ್ನ ಬಾಜೂ ಕೂತಿದ್ದು ಮಾಡ್ತೈತಿ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿರಿಯರು ಎಲೆ ಅಡಿಕೆ ತೆಗೆದರು. ಹುಡುಗ ಅರ್ಜಿ ಬಿಚ್ಚಿ ಮತ್ತೆ ಮಡಚಿದ.

ಹಿರಿಯರು: ನಮ್ಮ ದೇಶದ ಮಂದೀನ ಯಾವಾಗ ಒಳಗ ಬಿಟ್ಕೊಂಡ್ರು?

ಹುಡುಗ: ಭಾಳ ತಡಾ ಮಾಡಿದ್ರು. ಕಲ್ಕತ್ತಾದಾಗ 1730ರ ಹೊತ್ತಿಗೆ ಲಾಡ್ಜ್ ಇತ್ತು. ಒಬ್ಬಿಬ್ಬರು ನವಾಬರ ಮನಿಯವರನ್ನ ಬಿಟ್ರ ನೂರು ವರ್ಷ ಎಲ್ಲಾ ಗೋರಾ ಮಂದಿನೇ. ಮುಂಬೈದ ಮಾಣೆಕ್‌ಜಿ ಕರ್ಸೆಟ್‌ಜಿ ಅನ್ನೋ ಪಾರ್ಸಿಗೆ ಇಲ್ಲಿ ಬಾಗಲಾ ತಗೀಲಿಲ್ಲ. ಅವರು ಪ್ಯಾರಿಸ್‌ಗೆ ಹೋದಾಗ ಅಲ್ಲಿ ಸೇರಿ ಬಂದ್ರು. ಬಂದ ಮ್ಯಾಲ 1843ರಾಗ ಮುಂಬೈದಾಗ ಭಾರತೀಯರಿಗೂ ಜಾಗಾ ಇರೋ ರೈಸಿಂಗ್ ಸ್ಟಾರ್ ಅನ್ನೋ ಲಾಡ್ಜ್ ಆತು. ಬಂಗಾಳದಾಗ ಹಿಂದೂಗಳು ಜಗಳಾಡಿ ಜಗಳಾಡಿ 1872ರಾಗ ಒಳಗ ಹೋದ್ರು. ಹಿಂದೂಗಳಿಗೆ ದೇವರು ಭಾಳ ಮಂದಿ, ಒಬ್ಬ ದೇವರ ಮ್ಯಾಲ ಆಣಿ ಹೆಂಗ ಮಾಡ್ತಾರ ಅನ್ನೋದು ಆಗಿನ ತಕರಾರು.

ಹಿರಿಯರು: ಹೆಣ್ಣಮಕ್ಕಳು?

ಹುಡುಗ: ಈ ಲಾಡ್ಜಿಗೆ ಇಲ್ಲ. ಅವರವು ಬ್ಯಾರೆ ಅದಾವ.

ಹಿರಿಯರು: ನಮ್ಮ ಭಜನಿ ಮೇಳದಾಗೂ ಇರಲಿಲ್ಲ, ಅದಕ್ಕ ನಾ ಜೋರು ಮಾಡಂಗಿಲ್ಲ. ಆದ್ರ ಒಂದು ನೋಡೀನಿ. ನಾವು ಗೌಂಡಿಗಳು ಭಿಶಿ ಹಾಕಿ ಎರಡು ಸಲ ಮುಳಗಿಸಿದ್ವಿ. ನಿಮ್ಮ ಕಾಕೂನ ಸ್ತ್ರೀಶಕ್ತಿ ಸಂಘ ಒಂದು ಪೈ ಮುಳಗಿಸಿಲ್ಲ. ಸಾಲಾ ತಗೊಂಡವರ ಬಾಗಲದಾಗ ಹೋಗಿ ಎಲ್ಲರೂ ಕುಂತ ಬಿಡ್ತಾರ! ಅಣ್ಣತಮ್ಮತನ ಅಂತ ನಾವು ಹಾಡ್ತೀವಿ, ಅವರು ಮಾಡ್ತಾರ. ಇರ್ಲಿ, ಫೀ ಎಷ್ಟು?

ಹುಡುಗ: ಸೇರೋ ಮುಂದ ಒಂದು, ವರ್ಷಕ್ಕೊಂದು, ಊಟದ್ದು ಬ್ಯಾರೆ. ನನ್ನ ಪಗಾರಕ್ಕ ಭಾರ ಅಲ್ಲ.

ಹಿರಿಯರು: ಗೌಂಡಿ ಪಗಾರಕ್ಕ?

ಹುಡುಗ: ಭಾರ.

ಹಿರಿಯರು: ಕಟ್ಟಡ ಕಾರ್ಮಿಕರಿಗೆ ಅಂತ ಸರಕಾರ 1996ರಾಗ ಕಾಯ್ದೆ ಮಾಡೈತಿ. ಕಟ್ಟೋ ಖರ್ಚಿನ ಮ್ಯಾಲ ನೂರಕ್ಕ ಒಂದು ರೂಪಾಯಿ ಸೆಸ್ ಇಸಗೊಂಡು ನಮ್ಮ ಮಂಡಳಿಗೆ ಹಾಕ್ತಾರ. ನನ್ನ ಲೇಬರ್ ಕಾರ್ಡ್ ಇಲ್ಲೇ ಕಿಸೇದಾಗ ಐತಿ. ಇದರಾಗ ಕತ್ತಿ ಹಿಡದಾಂವ ಇಲ್ಲ, ಮೂಲೆಮಟ್ಟದ ಬಿಲ್ಲೆ ಇಲ್ಲ, ಬ್ರದರ್ ಅಂತ ಯಾರೂ ಅನ್ನೂದಿಲ್ಲ. ಆದ್ರ ಖರೇ ಗೌಂಡಿಗಳ ಲಾಡ್ಜ್ ಇದು.

ಹುಡುಗ: ಆ ಕಾರ್ಡ್ ನಿಮ್ಮನ್ನ ನೋಡಾಕ ದವಾಖಾನಿಗೆ ಬರ್ತೈತೇನ್ರಿ?

ಹಿರಿಯರು: ಇಲ್ಲ. ಕ್ಯೂದಾಗ ನಿಂದ್ರಸ್ತೈತಿ.

ಹುಡುಗ: ಅದಕ್ಕ ಅಂತೀನಿ, ಸಣ್ಣ ಗುಂಪು ಬೇಕು. ಶಿರಸಂಗಿ ಲಿಂಗರಾಜರನ್ನ ನೋಡ್ರಿ. 1906ರಾಗ ಹೋಗೋಕಿಂತ ಮೊದಲ ಇಡೀ ಸಂಸ್ಥಾನದ ಆಸ್ತಿ ಮಕ್ಕಳ ಶಿಕ್ಷಣಕ್ಕ ಬರದಿಟ್ರು. ಎಲ್ಲಾ ಮಕ್ಕಳಿಗೆ ಅಂತ ಬರೀಲಿಲ್ಲ, ತಮ್ಮ ಸಮಾಜದ ಮಕ್ಕಳಿಗೆ ಅಂತ ಬರದ್ರು. ಬಾಗಲಾ ಇತ್ತು. ಆದ್ರೂ ಆ ರೊಕ್ಕದಾಗ ಓದಿದವರಿಂದ ಈ ಸೀಮಿ ಎದ್ದು ನಿಂತಿತು. ಬೆಳಗಾವಿಯಾಗ 1933ರಾಗ ಸುರುವಾದ ಲಿಂಗರಾಜ ಕಾಲೇಜಿನ್ಯಾಗ ಇವತ್ತು ಯಾರು ಬೇಕಾದವರು ಓದ್ತಾರ. ಬಾಗಲಾ ಹಾಕಿ ಸುರುಮಾಡಿದ್ದು ಆಮ್ಯಾಲ ತಾನಾಗೇ ತೆರೀತು.

ಹಿರಿಯರು: ತಾನಾಗೇ ತೆರೀಲಿಲ್ಲ ತಮ್ಮಾ. ಹೊರಗ ನಿಂತವರು ಬಡದ್ರು, ಒಳಗಿದ್ದ ಒಬ್ಬಿಬ್ಬರು ಚಿಲಕಾ ತಗದ್ರು. ಅದೇ ಶಿರಸಂಗಿಯಾಗ ಕಾಳಮ್ಮನ ಗುಡಿ ಐತಿ. ಕಂಬಾರ, ಬಡಿಗ್ಯಾ, ಕಂಚಗಾರ, ಕಲ್ಲುಕುಟಿಗ, ಅಕ್ಕಸಾಲಿ, ಐದೂ ಕಸುಬಿನವರ ತಾಯಿ. ಪ್ರತಿ ವರ್ಷ ಹೋಗ್ತೀನಿ. ಉಳಿ ಹಿಡದ ಕೈಗೆ ನಮಸ್ಕಾರ ಮಾಡೋ ಜಾಗಾ ಅದು. ಲಾಡ್ಜ್ ಬೇಕಂದ್ರ ನನಗ ಅದು ಸಾಕು.

ಹುಡುಗ: ಕಾಕಾ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ನಿಮ್ಮ ಜೋಡಿ ಮೂವತ್ತು ವರ್ಷ ಕಲ್ಲು ಕಟ್ಯಾನ. ನೀವು ಗುಂಡು ಬಿಟ್ರ ಅಂವ ಕೆಳಗ ಹಿಡೀತಿದ್ದ. ಒಂದೇ ಬುತ್ತಿ ಬಿಚ್ಚಿ ಉಂಡೀರಿ. ನಿಮ್ಮ ಮನ್ಯಾಗ ಪಡಸಾಲಿ ದಾಟಿ ನಮ್ಮಪ್ಪ ಎಂದರ ಒಳಗ ಬಂದಾನೇನ್ರಿ?

ಹಿರಿಯರ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಉಳಿಯಿತು. ನಾನು ಬೇರೆ ಕಡೆ ನೋಡಿದೆ.

ಹಿರಿಯರು: ಇಲ್ಲ.

ಹುಡುಗ: ನೀವು ಬರಬ್ಯಾಡ ಅಂದಿಲ್ಲ, ಅಂವ ಬರ್ತೀನಿ ಅಂದಿಲ್ಲ. ಅಲ್ಲಿ ಕತ್ತಿ ಹಿಡದಾಂವ ಕಣ್ಣಿಗೆ ಕಾಣಸ್ತಾನ, ಕಾಕಾ. ಇಲ್ಲಿ ಕಾಣಸೂದಿಲ್ಲ, ಅಷ್ಟೇ ಫರಕ್.

ಹಿರಿಯರು: 2019ರ ಆಗಸ್ಟ್ ನೆನಪೈತೇನು? ನೀ ಅಲ್ಲಿದ್ದಿ. ರೇಣುಕಾಸಾಗರ ಹಿಡಿಯೋದು 37.73 ಟಿಎಂಸಿ. ಅದು ತುಂಬಿದ್ರ ನವಿಲುತೀರ್ಥದ ಗೇಟ್ ತೆಗೀಲೇಬೇಕು. ತೆಗದ್ರ ಕೆಳಗ ನಾವು. ರಾತ್ರಿ ನೀರು ಬಂತು. ನಿಮ್ಮಪ್ಪ ನಮ್ಮ ಅವ್ವನ್ನ ಬೆನ್ನ ಮ್ಯಾಲ ಹೊತ್ತು ತಂದ. ಒಂದು ಸಾಲ್ಯಾಗ ಎಲ್ಲರನ್ನೂ ಇಟ್ರು. ಮೂರು ದಿನ ಒಂದೇ ಒಲಿ, ಒಂದೇ ಪಾತೇಲಿ. ಯಾರ ಕೈಯಾಗಿನ ಸೌಟು ಅಂತ ಯಾರೂ ಕೇಳಲಿಲ್ಲ. ಆಗ ನಾ ಅಂದೆ, ಇದೇ ನೋಡು ಖರೇ ಅಣ್ಣತಮ್ಮತನ ಅಂತ.

ಹುಡುಗ: ನಾಕನೇ ದಿನದ್ದೂ ಅಪ್ಪ ಹೇಳ್ಯಾನ.

ಹಿರಿಯರು: ಹೇಳಿರತಾನ. ನಾಕನೇ ದಿನ ನೀರು ಇಳೀತು. ಯಾರೋ ಒಬ್ಬರು ನಮ್ಮ ಓಣಿದು ಬ್ಯಾರೆ ಒಲಿ ಹೂಡೂಣು ಅಂದ್ರು. ಯಾರು ಅಂತ ಕೇಳಿದ್ರ ಎಲ್ಲರೂ ಇನ್ನೊಬ್ಬರ ಹೆಸರು ಹೇಳ್ತಾರ. ಆ ಒಲಿಗೆ ಮೂರು ಕಲ್ಲು ಬೇಕಿತ್ತು. ಗೌಂಡಿ ಯಾರು ಅದಾರ ಅಂತ ನೋಡಿದ್ರು. ಆ ಕಲ್ಲು ಇಟ್ಟಾಂವ ನಾನ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಎಮ್ಮೆಗಳು ದಂಡೆ ಹತ್ತಿ ಹೋಗಿದ್ದವು. ಕೊನೆಗೆ ಹುಡುಗನೇ ಬಾಯಿ ತೆರೆದ. ಮೊದಲಿನ ಜೋರು ಇರಲಿಲ್ಲ.

ಹುಡುಗ: ಲಾಡ್ಜಿನ ಊಟದ್ದು ಒಂದು ಹೇಳಿಲ್ಲ ನಾ. ಗ್ವಾಡಿ ಮ್ಯಾಲ ದೊಡ್ಡ ಮೂಲೆಮಟ್ಟ, ಕೈವಾರ. ಬಾಜೂ ಕೂತವರೊಬ್ಬರು ಭಾಳ ಅಕ್ಕರತಿಯಿಂದ ಕೇಳಿದ್ರು, ನಿಮ್ಮ ತಂದಿಯವರು ಏನು ಮಾಡ್ತಾರ ಅಂತ. ಅವರಿಗೆ ಏನೂ ದುರುದ್ದೇಶ ಇರಲಿಲ್ಲ. ನಾ ಕಾಂಟ್ರ್ಯಾಕ್ಟರ್ ಅಂದೆ.

ಹಿರಿಯರು: ಗೌಂಡಿಗಳ ಸಂಘದಾಗ ಕುಂತು, ಅಪ್ಪ ಗೌಂಡಿ ಅನ್ನಾಕ ನಾಚಿಕಿ ಬಂತು.

ಹುಡುಗ: ಬಂತು.

ಹಿರಿಯರು: ಅವರು ನಿನ್ನ ಹೊರಗ ಹಾಕಲಿಲ್ಲ. ನೀನ ಅಪ್ಪನ್ನ ಹೊರಗ ನಿಲ್ಲಿಸಿದಿ.

ಹುಡುಗ: ಹೌದ್ರಿ. ಗೌಂಡಿ ಅಂದಿದ್ರ ಅವರು ಎದ್ದು ನಿಂತು ಕೈ ಕುಲಕತಿದ್ರೋ ಏನೋ. ಅಥವಾ ಮಾತು ಬದಲಸ್ತಿದ್ರೋ ಏನೋ. ಎರಡರಾಗ ಯಾವುದು ಅಂತ ತಿಳಕೊಳ್ಳೋ ಅವಕಾಶ ನಾನ ಕಳಕೊಂಡೆ. ಈಗ ಅರ್ಜಿ ತುಂಬಬೇಕೋ ಬ್ಯಾಡೋ ಅಂತ ನಿಮ್ಮನ್ನ ಕೇಳಾಕ ಬಂದಿದ್ದು ಇದಕ್ಕ.

ಹಿರಿಯರು: ತುಂಬು ಅಂತ ನಾ ಅನ್ನೂದಿಲ್ಲ, ಬ್ಯಾಡ ಅಂತನೂ ಅನ್ನೂದಿಲ್ಲ. ಮೂರು ಕಲ್ಲು ಇಟ್ಟಾಂವ ಹೇಳೋ ಮಾತು ಅಲ್ಲ ಅದು. ಒಂದು ಮಾಡು. ಮುಂದಿನ ಸಲ ಊಟಕ್ಕ ಕರದಾಗ ಹೋಗು. ಅದೇ ಮನುಷ್ಯಾನ ಬಾಜೂ ಕುಂದ್ರು. ನಮ್ಮಪ್ಪ ಗೌಂಡಿ, ಇವತ್ತೂ ಕೆಲಸಕ್ಕ ಹೋಗ್ಯಾನ ಅಂತ ಹೇಳು. ಅವರ ಮಾರಿ ನೋಡು. ಬಂದು ನನಗ ಹೇಳು. ತೂಗುಗುಂಡು ಬಿಟ್ಟು ನೋಡದ ಗ್ವಾಡಿ ನೆಟ್ಟಗೈತಿ ಅಂತನೂ ಅನ್ನಬಾರದು, ಸೊಟ್ಟೈತಿ ಅಂತನೂ ಅನ್ನಬಾರದು.

ಹುಡುಗ: ಹೇಳ್ತೀನಿ. ಮತ್ತ ನಿಮ್ಮ ಗ್ವಾಡಿಗೆ ಗುಂಡು ಬಿಡಾವರು ಯಾರ್ರಿ?

ಹಿರಿಯರು: ನಿಮ್ಮಪ್ಪನ್ನ ನಾಳೆ ಒಳಗ ಕರೀಬೇಕಂತೇನು?

ಹುಡುಗ: ನಾ ಹೇಳಿ ನೀವು ಕರದ್ರ ಅಪ್ಪಗ ಅದು ಊಟ ಆಗೂದಿಲ್ಲ, ಪರೀಕ್ಷಾ ಆಗ್ತೈತಿ. ನಾ ಕೇಳಿದ್ದು ಬ್ಯಾರೆ. ಮತ್ತೊಮ್ಮೆ ಹೊಳಿ ಬಂದ್ರ, ನಾಕನೇ ದಿನ ಯಾರರ ಮೂರು ಕಲ್ಲು ಕೇಳಿದ್ರ?

ಹಿರಿಯರು ಎಲೆಯನ್ನು ಬಾಯಿಗೆ ಇಡದೆ ಮತ್ತೆ ಸಂಚಿಗೆ ಸೇರಿಸಿದರು. ಕತ್ತಲಾಗುತ್ತಿತ್ತು. ಎದ್ದು ನಿಲ್ಲಲು ಹುಡುಗನ ಹೆಗಲ ಮೇಲೆ ಕೈ ಊರಿದರು. ಅರ್ಧ ಉಗುರಿನ ಹೆಬ್ಬೆರಳು ಅರ್ಜಿ ಇದ್ದ ಜೇಬಿನ ಮೇಲೆಯೇ ಬಂತು. ಇಬ್ಬರೂ ದಂಡೆ ಹತ್ತಿದರು. ಮೇಲೆ ರಸ್ತೆಗೆ ಬಂದ ಮೇಲೆ ಅವರು ಒಮ್ಮೆ ಹಿಂತಿರುಗಿ, ಈಗ ಸೆರಗಿನಷ್ಟೂ ಕಾಣದ ನೀರಿನ ಕಡೆ ನೋಡಿದರು.

ಹಿರಿಯರು: ಮಳಿಗಾಲ ಬರ್ಲಿ ತಮ್ಮಾ.